ಸ್ವಂತ ಕೋರಿಕೆಯ ಮೇರೆಗೆ

ಪೊಲೀಸ್ ಇಲಾಖೆಯ ವರ್ಗಾವಣೆ ಆದೇಶಗಳಲ್ಲಿ ಹೆಸರು, ಹುದ್ದೆ, ಈಗಿರುವ ಠಾಣೆ, ಹೋಗಬೇಕಾದ ಠಾಣೆ ಎಲ್ಲವೂ ಆದಮೇಲೆ ಕೊನೆಗೆ ಪುಟ್ಟದೊಂದು ಷರಾ ಬರುತ್ತದೆ. ಒಂದೋ ‘ಸಾರ್ವಜನಿಕ ಹಿತಾಸಕ್ತಿಯಿಂದ’, ಇಲ್ಲವೇ ‘ಸ್ವಂತ ಕೋರಿಕೆಯ ಮೇರೆಗೆ’. ಹೊರಗಿನವರಿಗೆ ಇವು ಸವೆದುಹೋದ ಕಚೇರಿ ಮಾತುಗಳು. ಒಳಗಿದ್ದವರಿಗೆ ಹಾಗಲ್ಲ. ಮೊದಲನೆಯದಾದರೆ ಸಾಮಾನು ಸಾಗಿಸಲು ಭತ್ಯೆ ಸಿಗುತ್ತದೆ, ಅದುವರೆಗಿನ ಹಿರಿತನವೂ ಜೊತೆಯಲ್ಲೇ ಬರುತ್ತದೆ. ಎರಡನೆಯದಾದರೆ ಲಾರಿ ಬಾಡಿಗೆ ಕೈಯಿಂದ ಹೋಗುತ್ತದೆ. ಹೋದರೆ ಹೋಗಲಿ ಅನ್ನಬಹುದು. ಆದರೆ ಹೊಸ ಜಿಲ್ಲೆಯ ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಎಲ್ಲರಿಗಿಂತ ಕೆಳಗೆ ಹೋಗಿ ಕೂರುತ್ತದೆ.

ಕರ್ನಾಟಕದಲ್ಲಿ ಇದನ್ನು ತೀರ್ಮಾನಿಸುವುದು 1957ರ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳು. ಅವುಗಳಲ್ಲಿ 6ನೆಯದು ಎರಡೇ ಮಾತು ಹೇಳುತ್ತದೆ. ಸಾರ್ವಜನಿಕ ಹಿತಾಸಕ್ತಿಯಿಂದ ಒಂದು ವೃಂದದಿಂದ ಅದೇ ವೇತನ ಶ್ರೇಣಿಯ ಇನ್ನೊಂದು ವೃಂದಕ್ಕೆ ಕಳಿಸಿದರೆ ಅದನ್ನು ಹೊಸ ನೇಮಕವೆಂದು ಬಗೆಯುವಂತಿಲ್ಲ. ಹಿರಿತನವನ್ನು ಮೊದಲಿದ್ದ ವೃಂದಕ್ಕೆ ನೇಮಕವಾದ ದಿನದಿಂದಲೇ ಎಣಿಸಬೇಕು. ನೌಕರನೇ ಕೇಳಿಕೊಂಡು ಹೋದರೆ, ಅವನು ವರ್ಗವಾದ ದಿನ ಆ ಪಟ್ಟಿಯಲ್ಲಿ ಯಾರ್ಯಾರು ಇದ್ದಾರೋ ಅವರೆಲ್ಲರ ಕೆಳಗೆ ಅವನ ಜಾಗ. ಅದೇ ಮನುಷ್ಯ, ಅದೇ ಖಾಕಿ, ಅದೇ ಸಂಬಳ, ಅದೇ ಬಂದೋಬಸ್ತ್. ಹೋಗಬೇಕೆಂದು ಅನ್ನಿಸಿದ್ದು ಯಾರಿಗೆ ಎಂಬುದಷ್ಟೇ ಬೇರೆ. ದುಡಿದು ಮುಗಿಸಿದ ವರ್ಷಗಳ ಲೆಕ್ಕವನ್ನು ದುಡಿದವನ ಆಸೆ ಹೇಗೆ ಬದಲಿಸಬಲ್ಲದು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಬೆಂಗಳೂರು ನಗರದ ಠಾಣೆಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಎಷ್ಟಿದ್ದಾರೆಂಬುದು ಆ ಠಾಣೆಗಳ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು, ಮಾತಿನಲ್ಲೇ ತಿಳಿಯುತ್ತದೆ. ಬಾಗಲಕೋಟೆಯಿಂದ ಬಂದ ಒಬ್ಬ ಕಾನ್‌ಸ್ಟೆಬಲ್ ಎಂದಿಟ್ಟುಕೊಳ್ಳಿ. ಇಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದಾನೆ. ಊರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಾಳೆ, ಹೆಂಡತಿ ಅಲ್ಲೇ ಶಾಲೆಯಲ್ಲಿ ಟೀಚರ್. ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳ ಹಿರಿತನ ಆಯಾ ಜಿಲ್ಲೆಗೆ, ಆಯಾ ಕಮಿಷನರೇಟ್‌ಗೆ ಸೇರಿದ್ದು. ಬೆಂಗಳೂರಿನ ಪಟ್ಟಿಯೇ ಬೇರೆ, ಬಾಗಲಕೋಟೆಯ ಪಟ್ಟಿಯೇ ಬೇರೆ. ಅವನು ಅಂತರ್ ಜಿಲ್ಲಾ ವರ್ಗಾವಣೆಗೆ ಅರ್ಜಿ ಹಾಕುತ್ತಾನೆ. ಅರ್ಜಿಯ ಜೊತೆಗೆ ಒಂದು ಮುಚ್ಚಳಿಕೆ: ಹೊಸ ಘಟಕದಲ್ಲಿ ಅತ್ಯಂತ ಕಿರಿಯನಾಗಲು ನನ್ನ ಒಪ್ಪಿಗೆಯಿದೆ, ಮುಂದೆ ಈ ಬಗ್ಗೆ ತಕರಾರು ಎತ್ತುವುದಿಲ್ಲ. ಸಹಿ ಹಾಕುವಾಗ ಅವನ ಮನಸ್ಸಿನಲ್ಲಿ ಅವ್ವನಿರುತ್ತಾಳೆ, ಪಟ್ಟಿ ಇರುವುದಿಲ್ಲ. ಪಟ್ಟಿ ನೆನಪಾಗುವುದು ಐದಾರು ವರ್ಷಗಳ ನಂತರ, ತನಗಿಂತ ಎಂಟು ವರ್ಷ ತಡವಾಗಿ ಖಾಕಿ ತೊಟ್ಟವನ ತೋಳಿಗೆ ಹೆಡ್ ಕಾನ್‌ಸ್ಟೆಬಲ್ ಪಟ್ಟಿ ಬಿದ್ದ ದಿನ.

ಬೇರೆ ಇಲಾಖೆಗಳಲ್ಲಿ ಹಿರಿತನ ಕಡತದೊಳಗೆ ಇರುತ್ತದೆ. ಪೊಲೀಸರಲ್ಲಿ ಅದು ಮೈಮೇಲೆ ಇರುತ್ತದೆ. ತೋಳಲ್ಲಿ, ಹೆಗಲಲ್ಲಿ, ಕೈ ಎತ್ತುವ ಸಲಾಮಿನಲ್ಲಿ. ಲೆಕ್ಕಪತ್ರ ಶಾಖೆಯ ಗುಮಾಸ್ತನೊಬ್ಬ ಪಟ್ಟಿಯಲ್ಲಿ ಕೆಳಗಿಳಿದರೆ ಪಕ್ಕದ ಮೇಜಿನವನಿಗೂ ಗೊತ್ತಾಗದೆ ಹೋಗಬಹುದು. ಪೊಲೀಸಿನವನ ವಿಷಯ ಬೆಳಗಿನ ರೋಲ್ ಕಾಲ್‌ನಲ್ಲೇ ಎಲ್ಲರಿಗೂ ಕಾಣುತ್ತದೆ. ಯಾರಿಗೆ ಯಾರು ‘ಸರ್’ ಅನ್ನಬೇಕು ಎಂಬುದರ ಮೇಲೆಯೇ ಇಡೀ ವ್ಯವಸ್ಥೆ ನಿಂತಿರುವಾಗ ಹಿರಿತನ ಕೇವಲ ಬಡ್ತಿಯ ಲೆಕ್ಕವಾಗಿ ಉಳಿಯುವುದಿಲ್ಲ. ಅದು ಒಬ್ಬನ ಆಯುಷ್ಯಕ್ಕೆ ಇಲಾಖೆ ಕೊಟ್ಟ ಬೆಲೆಯಂತೆ ಕಾಣತೊಡಗುತ್ತದೆ. ನೋವು ಇರುವುದು ಅಲ್ಲಿ, ಗೊಂದಲ ಹುಟ್ಟುವುದೂ ಅಲ್ಲೇ.

ಏಕೆಂದರೆ ನಿಯಮದ ಕಣ್ಣಿನಲ್ಲಿ ಹಿರಿತನ ದುಡಿಮೆಯ ಬೆಲೆಯೇ ಅಲ್ಲ. ಹಾಗಾಗಿದ್ದರೆ ಬಾಗಲಕೋಟೆಗೆ ಹೋದವನ ಹನ್ನೆರಡು ವರ್ಷ ಸಂಪೂರ್ಣ ಅಳಿಸಿಹೋಗಬೇಕಿತ್ತು. ಅಳಿಸುವುದಿಲ್ಲ. ಪಿಂಚಣಿಗೆ ಆ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಬಡ್ತಿಗೆ ಬೇಕಾದ ಕನಿಷ್ಠ ಸೇವಾವಧಿಯ ಅರ್ಹತೆಗೂ ಹಳೆಯ ಸೇವೆಯನ್ನು ಹಿಡಿಯಬೇಕೆಂದು 1998ರಲ್ಲಿ ರಕ್ಷಣಾ ಇಲಾಖೆಯ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಜಾಗದಲ್ಲಿ ಹಿರಿತನ ಹೋದರೂ ಅನುಭವ ಹೋಗುವುದಿಲ್ಲ ಎಂಬುದು ಅದರ ತರ್ಕ. ಅಂದರೆ ಅದೇ ಹನ್ನೆರಡು ವರ್ಷ ಒಂದು ಕಾಲಂನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಓಟಕ್ಕೆ ಇಳಿಯಲು ಅರ್ಹತೆಯಿದೆ, ನಿಲ್ಲುವ ಜಾಗ ಮಾತ್ರ ಹಿಂದೆ.

ಹಾಗಾದರೆ ಹಿರಿತನವೆಂದರೇನು? ಅದು ಒಬ್ಬನ ಸ್ವತ್ತಲ್ಲ, ಇಬ್ಬರ ನಡುವಿನ ಸಂಬಂಧ ಎಂಬುದು ನನಗೆ ಹೊಳೆಯುವ ಉತ್ತರ. ನನ್ನ ಸೇವೆಯ ವರ್ಷಗಳನ್ನು ನಾನೊಬ್ಬನೇ ಕೂತು ಎಣಿಸಿಕೊಳ್ಳಬಹುದು. ನನ್ನ ಹಿರಿತನ ಎಣಿಸಲು ಹಿಂದೆ ಒಬ್ಬ, ಮುಂದೆ ಒಬ್ಬ ಬೇಕೇ ಬೇಕು. ಬಾಗಲಕೋಟೆಯ ಪಟ್ಟಿಯಲ್ಲಿ ನಲವತ್ತನೆಯವನಾಗಿರುವವನು ತನ್ನ ಮುಂದಿನವರ ವಯಸ್ಸು, ನಿವೃತ್ತಿ ಎಲ್ಲ ಲೆಕ್ಕ ಹಾಕಿ, ಮಗಳ ಮದುವೆ ಹೊತ್ತಿಗೆ ಬಡ್ತಿ ಬಂದೀತು ಅಂದುಕೊಂಡಿರುತ್ತಾನೆ. ಬೆಂಗಳೂರಿನಿಂದ ಹನ್ನೆರಡು ವರ್ಷ ಸೇವೆಯವನೊಬ್ಬ ಬಂದು ಅವನ ಮುಂದೆ ನಿಂತರೆ ಆ ಲೆಕ್ಕ ತಪ್ಪುತ್ತದೆ. ಹತ್ತು ಜನ ಬಂದರೆ ಅವನು ನಿವೃತ್ತಿಯವರೆಗೂ ಕಾನ್‌ಸ್ಟೆಬಲ್ಲೇ. ಪ್ರತಿ ಜಿಲ್ಲೆಯಲ್ಲೂ ಬಡ್ತಿಯ ವೇಗ ಬೇರೆ. ಹಿರಿತನವನ್ನು ಹೊತ್ತುಕೊಂಡು ಹೋಗಲು ಬಿಟ್ಟರೆ ಬಡ್ತಿ ನಿಧಾನವಿರುವ ಕಡೆಯಿಂದ ಬೇಗ ಸಿಗುವ ಕಡೆಗೆ ಜನ ಹರಿಯತೊಡಗುತ್ತಾರೆ. ಅವ್ವನ ಕಾಯಿಲೆ ಆಗ ಅರ್ಜಿಯ ನೆಪವಾಗುತ್ತದೆ. 2006ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತು: ಕೋರಿಕೆಯ ವರ್ಗಾವಣೆಯಿಂದ ಆ ಘಟಕದಲ್ಲಿ ಮೊದಲೇ ಇದ್ದವರ ಬಡ್ತಿಯ ದಾರಿಗೆ ಧಕ್ಕೆಯಾಗಬಾರದು.

ರೈಲ್ವೆಯಲ್ಲಿ ಇದಕ್ಕಿಂತಲೂ ವಿಚಿತ್ರವಾದ ನಿಯಮವೊಂದಿದೆ. ಇಬ್ಬರು ನೌಕರರು ಒಪ್ಪಿಕೊಂಡು ಪರಸ್ಪರ ಜಾಗ ಬದಲಿಸಿಕೊಂಡರೆ, ತನ್ನ ಹಿರಿತನ ಮತ್ತು ಎದುರಿನವನ ಹಿರಿತನ ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಪ್ರತಿಯೊಬ್ಬರಿಗೂ. ಹಿರಿಯ ಕಿರಿಯನಾಗುತ್ತಾನೆ, ಕಿರಿಯ ಕಿರಿಯನಾಗಿಯೇ ಉಳಿಯುತ್ತಾನೆ. ಹಾಗಾದರೆ ಆ ಹೆಚ್ಚಿನ ಹಿರಿತನ ಎಲ್ಲಿ ಹೋಯಿತು? ಯಾರ ಕೈಗೂ ಹೋಗಲಿಲ್ಲ. ಎರಡೂ ಸಾಲುಗಳಲ್ಲಿ ಏನೂ ಕೇಳದೆ ನಿಂತಿದ್ದವರೆಲ್ಲ ಇದ್ದಲ್ಲೇ ಉಳಿದರು, ಅಷ್ಟೆ. ಕದಲದೆ ನಿಂತವನ ಪಾಲಿಗೆ ನಿಯಮ ಇಷ್ಟು ಕಾಳಜಿ ತೋರಿಸುವುದು ಅಪರೂಪ.

ಇನ್ನೊಂದು ಕಾರಣಕ್ಕೂ ಈ ಸಾಲನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಾಲಿಲ್ಲದಿದ್ದರೆ ಉಳಿಯುವುದು ಮುಖ ನೋಡಿ ಮಣೆ ಹಾಕುವ ಪದ್ಧತಿ. ಶಿಫಾರಸಿನ ಪತ್ರ ಹಿಡಿದು ಬಂದವನಿಗೆ ಒಂದು ಜಾಗ, ಅದೇ ಜಾತಿಯವನಿಗೆ ಇನ್ನೊಂದು. ಹಿರಿತನದ ಪಟ್ಟಿಗೆ ಇದ್ಯಾವುದೂ ಕಾಣುವುದಿಲ್ಲ, ಅದರ ಒಳ್ಳೆಯತನ ಇರುವುದೇ ಅದರ ಕುರುಡಿನಲ್ಲಿ. ಯೋಗ್ಯನನ್ನೂ ಅಯೋಗ್ಯನನ್ನೂ ಅದು ಗುರುತಿಸಲಾರದು ಎಂಬ ದೂರು ನಿಜವೇ. ಆದರೆ ಯೋಗ್ಯತೆ ಅಳೆಯುವ ಕೈಯ ಮೇಲೆ ನಂಬಿಕೆಯಿಲ್ಲದ ಕಡೆ ಜನ ದಿನಾಂಕವನ್ನು ನಂಬುತ್ತಾರೆ. ರಾಜ್ಯದ ಪೊಲೀಸ್ ಮುಖ್ಯಸ್ಥರನ್ನು ಆರಿಸುವಾಗ ಕೂಡ, 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಇಷ್ಟಕ್ಕೆ ಪೂರ್ತಿ ಬಿಡದೆ, ಕೇಂದ್ರ ಲೋಕಸೇವಾ ಆಯೋಗ ಆರಿಸಿದ ಅತಿ ಹಿರಿಯ ಮೂವರೊಳಗಿಂದಲೇ ಆರಿಸಿ ಎಂದಿತು.

ಇಷ್ಟರಮಟ್ಟಿಗೆ ನಿಯಮ ಸರಿ. ಆದರೆ ಅದು ಕೇಳುವ ಪ್ರಶ್ನೆ ಸರಿಯೇ ಎಂಬುದು ಬೇರೆ ಮಾತು. ಯಾರ ಇಷ್ಟದಿಂದ ಹೋದೆ ಎಂಬುದಕ್ಕೆ ಹೌದು-ಅಲ್ಲ ಎಂದು ಉತ್ತರ ಕೊಡಲಾಗುವ ಸಂದರ್ಭಗಳು ಬದುಕಿನಲ್ಲಿ ಎಷ್ಟಿವೆ? ಶಾಸಕರ ಮಾತು ಕೇಳದ ಇನ್‌ಸ್ಪೆಕ್ಟರ್ ಒಬ್ಬರನ್ನು ರಾತ್ರೋರಾತ್ರಿ ಎತ್ತಂಗಡಿ ಮಾಡಿದರೂ ಆದೇಶದಲ್ಲಿ ಇರುವುದು ಸಾರ್ವಜನಿಕ ಹಿತಾಸಕ್ತಿಯೇ. ಆ ಆದೇಶದಲ್ಲಿ ಸಾರ್ವಜನಿಕರೆಂದರೆ ಯಾರು ಎಂದು ಕೇಳಬಾರದು. ಹಾಸಿಗೆ ಹಿಡಿದ ಅವ್ವನಿಗಾಗಿ ಬಾಗಲಕೋಟೆಗೆ ಹೋಗುವವನದು ಮಾತ್ರ ಸ್ವಂತ ಕೋರಿಕೆ. ಅವನು ಕೋರಿದ್ದು ನಿಜ. ಆದರೆ ಅದು ಅವನ ಇಷ್ಟವಾಗಿತ್ತೇ?

ಈಚೆಗೆ, 2025ರಲ್ಲಿ, ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ಇದೇ 6ನೇ ನಿಯಮ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪೊಲೀಸ್ ಇಲಾಖೆಯದಲ್ಲ, ಆರೋಗ್ಯ ಇಲಾಖೆಯದು. 1979ರಲ್ಲಿ ಶುಶ್ರೂಷಕಿಯಾಗಿ ಸೇರಿದವರು ಅನಾರೋಗ್ಯದಿಂದ ಆ ಕೆಲಸ ಮಾಡಲಾಗದೆ ಕೇಳಿಕೊಂಡು, 1989ರಲ್ಲಿ ಪ್ರಥಮ ದರ್ಜೆ ಸಹಾಯಕರಾದರು. ಕಾಯಿಲೆಯಿಂದ ಬಂದ ಬದಲಾವಣೆ ಸ್ವಂತ ಕೋರಿಕೆ ಹೇಗಾದೀತು ಎಂಬುದು ಅವರ ವಾದ. ಕೆಳಗಿನ ಎರಡು ಹಂತಗಳಲ್ಲಿ ಅದು ಗೆದ್ದಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಕಾರಣ ಏನೇ ಇರಲಿ, ಕೇಳಿದ್ದು ನೀವು, ಹಿರಿತನ 1989ರಿಂದಲೇ. ಕಾನೂನಿನ ದೃಷ್ಟಿಯಿಂದ ಅದು ಅಚ್ಚುಕಟ್ಟಾದ ತೀರ್ಪು. ಪ್ರತಿಯೊಂದು ಕೋರಿಕೆಯ ಹಿಂದಿನ ಕಣ್ಣೀರನ್ನು ತೂಗಲು ಹೊರಟರೆ ಯಾವ ಪಟ್ಟಿಯೂ ಎಂದಿಗೂ ಅಂತಿಮವಾಗುವುದಿಲ್ಲ. ಆದರೂ ರೋಗಕ್ಕೂ ಆಯ್ಕೆಗೂ ಒಂದೇ ಷರಾ ಬರೆಯುವ ಭಾಷೆ ಬಡ ಭಾಷೆ ಎಂದು ಅನ್ನಿಸದಿರದು.

ಕೇಳಿದವರು ಯಾರು, ಕಳಿಸಿದವರು ಯಾರು ಎಂದು ಬಿಡಿಸಲಾಗದ ಮೂರನೆಯ ಬಗೆಯೊಂದಿದೆ. ಎರವಲು ಸೇವೆಯ ಮೇಲೆ ಹೋಗಿ ಅಲ್ಲೇ ವಿಲೀನವಾಗುವುದು. 1980ರ ದಶಕದಲ್ಲಿ ಗಡಿ ಭದ್ರತಾ ಪಡೆಯ ಕೆಲವು ಸಬ್ ಇನ್‌ಸ್ಪೆಕ್ಟರ್‌ಗಳು ದೆಹಲಿ ಪೊಲೀಸ್‌ಗೆ ಹೀಗೆ ಎರವಲು ಬಂದರು. ದೆಹಲಿಗೆ ಜನ ಬೇಕಿತ್ತು. ಇವರಿಗೂ ಗಡಿಯ ಠಾಣ್ಯ ಬಿಟ್ಟು ನಗರಕ್ಕೆ ಬರುವುದು ಬೇಡವೆಂದೇನೂ ಇರಲಿಲ್ಲವೇನೋ. ಕೊನೆಗೆ ಅವರನ್ನು ಅಲ್ಲೇ ಕಾಯಂ ಮಾಡಿಕೊಂಡರು. ಹಿರಿತನದ ಪ್ರಶ್ನೆ ಬಂದಾಗ ಕೇಂದ್ರದ 1986ರ ಮೇ 29ರ ಜ್ಞಾಪನಪತ್ರ ತೆಗೆದರು. ವಿಲೀನವಾದ ದಿನ, ಇಲ್ಲವೇ ಮೂಲ ಇಲಾಖೆಯಲ್ಲಿ ಸಮಾನ ಹುದ್ದೆಗೆ ಕ್ರಮಬದ್ಧವಾಗಿ ಸೇರಿದ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಅಲ್ಲಿಂದ ಎಣಿಸಬೇಕು ಎಂದು ಅದರಲ್ಲಿತ್ತು. ವಿಲೀನವಾದ ದಿನ ಯಾವತ್ತೂ ನಂತರದ್ದೇ ಆಗಿರುತ್ತದೆ ಎಂಬುದು ಬರೆದವರಿಗೆ ಗೊತ್ತಿಲ್ಲದ್ದೇನಲ್ಲ. ಎರಡರ ನಡುವೆ ಆರಿಸಿಕೊಳ್ಳಿ ಅಂದಂತೆ ತೋರಿಸಿ ಒಂದನ್ನೇ ಕೈಗಿಡುವ ನಿಯಮ ಅದು. 1999ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಯಾವುದು ಮೊದಲಿನದೋ ಅಲ್ಲಿಂದ ಎಣಿಸಿ ಎಂದಿತು. 2001ರಲ್ಲಿ ಕೇಂದ್ರ ಸರ್ಕಾರ ತನ್ನ ಜ್ಞಾಪನಪತ್ರವನ್ನೂ ಹಾಗೆಯೇ ತಿದ್ದಿಕೊಂಡಿತು.

1999ರ ಆ ತೀರ್ಪಿಗೂ ಹನ್ನೆರಡು ವರ್ಷ ಹಿಂದೆ, 1987ರಲ್ಲಿ, ಬೇರೆ ಕಡೆಯಿಂದ ಸಿಬಿಐಗೆ ಬಂದ ಡಿವೈಎಸ್‌ಪಿಗಳ ಪ್ರಕರಣದಲ್ಲೂ ಅದೇ ನ್ಯಾಯಾಲಯ ಇದೇ ದಾರಿ ಹಿಡಿದಿತ್ತು. ಸಮಾನ ಹುದ್ದೆಯಿಂದ ಸಮಾನ ಹುದ್ದೆಗೆ ಬಂದವನ ಹಿಂದಿನ ಸೇವೆಯನ್ನು ಇಲ್ಲವೆನ್ನುವುದು ಸೇವಾ ನ್ಯಾಯಕ್ಕೇ ವಿರುದ್ಧ ಎಂಬ ಅರ್ಥದ ಮಾತು ಅಲ್ಲಿದೆ.

ಆದರೆ ಸಮಾನ ಹುದ್ದೆ ಯಾವುದು? ಗಡಿಯಲ್ಲಿ ಬಂದೂಕು ಹಿಡಿದು ನಿಂತ ಸಬ್ ಇನ್‌ಸ್ಪೆಕ್ಟರ್‌ಗೂ, ಚಾಂದನಿ ಚೌಕದಲ್ಲಿ ಎಫ್‌ಐಆರ್ ಬರೆದ ಸಬ್ ಇನ್‌ಸ್ಪೆಕ್ಟರ್‌ಗೂ ಹೆಸರಿನ ಹೊರತು ಏನು ಸಮಾನ? ಸಂಬಳದ ಶ್ರೇಣಿ ಬೇರೆಯಿತ್ತು. ಅದನ್ನೇ ಹಿಡಿದು ಇವರು ಸಮಾನರಲ್ಲ ಎಂಬ ವಾದ ಬಂತು. ಅಲ್ಲಿ ನ್ಯಾಯಾಲಯಕ್ಕೆ ನೆರವಾದ ಅಳತೆಗೋಲು ಹಳೆಯದು. ಕನ್ನಡ ನಾಡಿನ ಕಥೆಗೂ ಅದು ಹತ್ತಿರದ್ದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ಹೊತ್ತಿಗೆ, ಬೇರೆ ಬೇರೆ ಆಡಳಿತಗಳಿಂದ ಬರುವ ನೌಕರರನ್ನು ಒಂದೇ ಪಟ್ಟಿಯಲ್ಲಿ ಹೇಗೆ ಜೋಡಿಸುವುದೆಂದು ಮುಖ್ಯ ಕಾರ್ಯದರ್ಶಿಗಳು ಸೇರಿ ನಾಲ್ಕು ಸಂಗತಿ ಗೊತ್ತುಮಾಡಿದ್ದರು. ಹುದ್ದೆಯ ಕೆಲಸದ ಸ್ವರೂಪ, ಹೊಣೆ ಮತ್ತು ಅಧಿಕಾರದ ವ್ಯಾಪ್ತಿ, ಕನಿಷ್ಠ ವಿದ್ಯಾರ್ಹತೆ, ಸಂಬಳ. ಕೊನೆಯದು ನಿಜಕ್ಕೂ ಕೊನೆಯದು. ಮೊದಲ ಮೂರು ಹೊಂದಿದರೆ ಸಂಬಳ ಬೇರೆಯಿದ್ದರೂ ಹುದ್ದೆ ಸಮಾನವೇ.

ಆ ವರ್ಷ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯದೊಳಕ್ಕೆ ಬಂದ ಪೊಲೀಸರನ್ನು ಕಲ್ಪಿಸಿಕೊಂಡರೆ ಈ ಅಳತೆಗೋಲು ಎಷ್ಟು ಅಗತ್ಯವಾಗಿತ್ತೆಂದು ತಿಳಿಯುತ್ತದೆ. ಧಾರವಾಡದ ಕಡೆಯ ಫೌಜದಾರ ಮುಂಬಯಿ ಕಾಯಿದೆಯಲ್ಲಿ ಪಳಗಿದವನು. ಕಲಬುರಗಿಯಲ್ಲಿ ಉರ್ದುವಿನಲ್ಲಿ ಡೈರಿ ಬರೆದು ರೂಢಿಯಾದ, ಜನ ಅಮೀನ್ ಸಾಹೇಬ ಎಂದು ಕರೆಯುತ್ತಿದ್ದವನು ನಿಜಾಮನ ಕಾಲ ಕಂಡವನು. ಮಂಗಳೂರಿನವನು ಮದರಾಸಿನ ಲೆಕ್ಕದವನು. ಕೊಡಗಿನದೇ ಪುಟ್ಟ ಆಡಳಿತ. ಇವರೆಲ್ಲರ ಮಧ್ಯೆ ಹಳೇ ಮೈಸೂರಿನವರು. ಅವರಲ್ಲಿ ಯಾರೂ ವರ್ಗಾವಣೆ ಕೇಳಿರಲಿಲ್ಲ, ಯಾರೂ ಇದ್ದ ಠಾಣೆಯಿಂದ ಕದಲಿಯೂ ಇರಲಿಲ್ಲ. ಗಡಿಯೇ ಅವರ ಮೇಲಿಂದ ಹಾದುಹೋಗಿತ್ತು. ಆದರೂ ಒಂದೇ ಪಟ್ಟಿಯಲ್ಲಿ ಒಬ್ಬನ ಮೇಲೆ ಇನ್ನೊಬ್ಬನನ್ನು ಬರೆಯಲೇಬೇಕು. ಪುನರ್ವಿಂಗಡಣಾ ಕಾಯಿದೆಯ 115ನೇ ಕಲಂ ಈ ಕೆಲಸವನ್ನು ಕೇಂದ್ರ ಸರ್ಕಾರಕ್ಕೆ ವಹಿಸಿತು. ಸೇವಾ ಷರತ್ತುಗಳನ್ನು ನೌಕರರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕೆಂದೂ ಹೇಳಿತು. ಅಂತರರಾಜ್ಯ ಜ್ಯೇಷ್ಠತಾ ಪಟ್ಟಿಗಳ ವ್ಯಾಜ್ಯ ಮುಂದೆ ವರ್ಷಾನುಗಟ್ಟಲೆ ನಡೆಯಿತು. ಏಕೀಕರಣದ ಹಾಡು, ಮೆರವಣಿಗೆಗಳ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಸಾವಿರಾರು ಗುಮಾಸ್ತರು, ಮೇಷ್ಟರು, ಪೊಲೀಸರು ತಮ್ಮ ಮುಂದೆ ಯಾರನ್ನು ಬರೆದಿದ್ದಾರೆಂದು ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದ ಕಥೆಯನ್ನು ಯಾರಾದರೂ ಬರೆದಿದ್ದರೆ ಓದಲು ಆಸೆ. 6ನೇ ನಿಯಮವಿರುವ ಜ್ಯೇಷ್ಠತಾ ನಿಯಮಾವಳಿ ಹುಟ್ಟಿದ್ದು ಏಕೀಕರಣದ ಮರುವರ್ಷವೇ.

ಕೋರಿ ಹೋದವನ ಬದುಕಿನ ವರ್ಷಗಳನ್ನು ಲೆಕ್ಕದಿಂದ ತೆಗೆಯುವ ಇದೇ ಕಾನೂನು ಬೇರೊಬ್ಬರಿಗೆ ಅವರು ಆ ಸೇವೆಯಲ್ಲಿ ಬಾಳದ ವರ್ಷಗಳನ್ನು ಕೊಡುತ್ತದೆ. ರಾಜ್ಯ ಪೊಲೀಸ್ ಸೇವೆಯ ಅಧಿಕಾರಿಯೊಬ್ಬರು ಬಡ್ತಿಯ ಮೇಲೆ ಐಪಿಎಸ್‌ಗೆ ಬಂದರೆ ಅವರಿಗೊಂದು ‘ಹಂಚಿಕೆಯ ವರ್ಷ’ ಗೊತ್ತುಮಾಡುತ್ತಾರೆ. ನಾವು ಮಾತಿನಲ್ಲಿ ಬ್ಯಾಚ್ ಅನ್ನುವುದು ಅದನ್ನೇ. 1988ರ ಐಪಿಎಸ್ ಜ್ಯೇಷ್ಠತಾ ನಿಯಮಗಳಲ್ಲಿ, ಡಿವೈಎಸ್‌ಪಿಯಾಗಿ ಸಲ್ಲಿಸಿದ ಸೇವೆಗೆ ತಕ್ಕಂತೆ ಕೆಲವು ವರ್ಷಗಳ ವೆಯ್ಟೇಜ್, ಅದಕ್ಕೊಂದು ಮಿತಿ. ಹೀಗೆ ಐಪಿಎಸ್‌ಗೆ ಕಾಲಿಟ್ಟ ದಿನವೇ ಅವರು ಎಷ್ಟೋ ವರ್ಷ ಹಿಂದಿನ ಬ್ಯಾಚಿನವರು. ಅವರ ಬ್ಯಾಚ್‌ಮೇಟ್‌ಗಳು ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಮೈದಾನ ಸುತ್ತುತ್ತಿದ್ದಾಗ ಇವರು ಯಾವುದೋ ಉಪವಿಭಾಗದಲ್ಲಿ ಕೋಮು ಗಲಭೆ ತಣ್ಣಗೆ ಮಾಡುತ್ತಿದ್ದಿರಬಹುದು. ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಗತಕಾಲವೆಂಬುದು ಕೊಡಲೂ ತೆಗೆಯಲೂ ಬರುವಂಥದ್ದು ಎಂದು ಇಲ್ಲಿ ಗೊತ್ತಾಗುತ್ತದೆ.

ಎಷ್ಟು ಹಿಂದಕ್ಕೆ ಕೊಡಬಹುದು ಎಂಬ ಪ್ರಶ್ನೆ ಮಣಿಪುರದ ಪೊಲೀಸರಲ್ಲಿ ಎದ್ದಿತ್ತು. ಅಲ್ಲಿ ಇನ್‌ಸ್ಪೆಕ್ಟರ್‌ಗಳು 2007ರ ಮಾರ್ಚ್ 1ರಂದು ಬಡ್ತಿ ಪಡೆದು ಮಣಿಪುರ ಪೊಲೀಸ್ ಸೇವೆಗೆ ಬಂದರು. ನೇರ ನೇಮಕದವರು ಬಂದದ್ದು ಅದೇ ವರ್ಷ ಆಗಸ್ಟ್ ಮತ್ತು ನವೆಂಬರ್‌ನಲ್ಲಿ. ಆದರೆ ನೇರ ನೇಮಕದ ಹುದ್ದೆಗಳು ಖಾಲಿಯಾಗಿದ್ದು ಮೊದಲೇ, ಆಯ್ಕೆ ಪ್ರಕ್ರಿಯೆ ಶುರುವಾಗಿದ್ದೂ ಮೊದಲೇ. ಸರ್ಕಾರ ತಡಮಾಡಿದರೆ ಅದು ನಮ್ಮ ತಪ್ಪೇ ಎಂಬುದು ಅವರ ವಾದ. ನಮ್ಮ ಕೂಡುಕುಟುಂಬಗಳಿಗೆ ಈ ವಾದ ಹೊಸದಲ್ಲ. ತಮ್ಮನ ಮದುವೆ ಮೊದಲಾಗಿ, ಅಣ್ಣನ ಮದುವೆ ನಾಲ್ಕು ವರ್ಷ ತಡವಾದರೆ, ನಾಲ್ಕು ವರ್ಷ ಆ ಮನೆಯ ಒಲೆ ಉರಿಸಿದವಳು ನಿನ್ನೆ ಬಂದ ವಾರಗಿತ್ತಿಯನ್ನು ‘ಅಕ್ಕ’ ಎಂದೇ ಕರೆಯಬೇಕು. ಹಿರಿ ಸೊಸೆಯ ಜಾಗ ಅಣ್ಣ ಹುಟ್ಟಿದಂದೇ ಖಾಲಿಯಿತ್ತು. ಅವಳು ಬಂದು ತುಂಬಿದಳು. ಬಂದ ದಿನವಲ್ಲ, ಜಾಗ ಹುಟ್ಟಿದ ದಿನ ಮುಖ್ಯ. 2012ರಲ್ಲಿ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಮನೆಯ ಈ ನ್ಯಾಯವನ್ನೇ ಒಪ್ಪಿತ್ತು. 2019ರ ನವೆಂಬರ್ 19ರಂದು ಮಣಿಪುರದ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು: ಸೇವೆಯಲ್ಲಿ ಹುಟ್ಟಿಯೇ ಇರದವನು ಆ ದಿನದ ಹಿರಿತನ ಕೇಳುವಂತಿಲ್ಲ. ಜೊತೆಗೆ, 2012ರ ತೀರ್ಪಿನಂತೆ ಈಗಾಗಲೇ ಗೊತ್ತಾಗಿರುವ ಪಟ್ಟಿಗಳನ್ನು ಕೆದಕಬಾರದು ಎಂದೂ ಸೇರಿಸಿತು. ತಪ್ಪು ಎಂದು ಹೇಳಿದ ಮೇಲೂ ಆ ತಪ್ಪಿನ ಮೇಲೆ ನಿಂತ ಸಾಲನ್ನು ನ್ಯಾಯಾಲಯ ಕದಲಿಸಲಿಲ್ಲ. ಅಷ್ಟು ಜನ ಅದನ್ನು ನಂಬಿ ಲೆಕ್ಕ ಹಾಕಿಕೊಂಡುಬಿಟ್ಟಿದ್ದರು.

ಹಾಗಾದರೆ ಬಾಗಲಕೋಟೆಗೆ ಹೋದವನು ಕೇಳಬಹುದಾದ ಪ್ರಶ್ನೆ ಒಂದು ಉಳಿಯುತ್ತದೆ, ಅದನ್ನು ಯಾರೂ ಕೇಳುತ್ತಿಲ್ಲವೆಂದೇ ನನಗೆ ಆಶ್ಚರ್ಯ. ಐಪಿಎಸ್ ಅಧಿಕಾರಿಯೊಬ್ಬರು ಸ್ವಂತ ಕೋರಿಕೆಯ ಮೇಲೆ ಒಂದು ರಾಜ್ಯದ ಕೇಡರ್‌ನಿಂದ ಇನ್ನೊಂದಕ್ಕೆ ಹೋದರೆ ಏನಾಗುತ್ತದೆ? ಸುಲಭವಾಗಿ ಬಿಡುವುದಿಲ್ಲ, ಸಹ ಅಧಿಕಾರಿಯೊಂದಿಗೆ ಮದುವೆ, ತೀವ್ರ ಸಂಕಷ್ಟ ಇಂಥ ಕಾರಣ ಬೇಕು. ಆದರೆ ಬಿ‌ಟ್ಟ ಮೇಲೆ ಅವರ ಹಂಚಿಕೆಯ ವರ್ಷ ಬದಲಾಗುವುದಿಲ್ಲ. ಆ ರಾಜ್ಯದಲ್ಲಿ ಅದೇ ವರ್ಷದ, ತಮ್ಮದೇ ವರ್ಗದ ಅಧಿಕಾರಿಗಳ ಕೆಳಗೆ ನಿಲ್ಲುತ್ತಾರೆ, ಅಷ್ಟೆ. ಒಂದು ಕೇಡರ್‌ನಲ್ಲಿ ಒಂದು ವರ್ಷದವರು ಬೆರಳೆಣಿಕೆಯಷ್ಟಿರುತ್ತಾರೆ. ಅವರು ಕಳೆದುಕೊಳ್ಳುವುದು ಆ ಕೆಲವು ಜಾಗಗಳನ್ನು. ಕಾನ್‌ಸ್ಟೆಬಲ್ ಕಳೆದುಕೊಳ್ಳುವುದು ಹನ್ನೆರಡು ವರ್ಷವನ್ನು. ಮದುವೆಯೂ ಒಂದೇ, ತಾಯಿಯ ಕಾಯಿಲೆಯೂ ಒಂದೇ, ಆದೇಶದ ಷರಾ ಕೂಡ ಒಂದೇ.

ಇದಕ್ಕೆ ಸಿದ್ಧ ಉತ್ತರವಿದೆ. ಐಪಿಎಸ್ ಅಖಿಲ ಭಾರತ ಸೇವೆ, ವರ್ಷವೆಂಬುದು ದೇಶಕ್ಕೆಲ್ಲ ಒಂದೇ. ಕಾನ್‌ಸ್ಟೆಬಲ್‌ನ ಪಟ್ಟಿ ಜಿಲ್ಲೆಗೆ ಸೀಮಿತ, ಆಚೆ ಹೋದರೆ ಅವನು ಹೊಸಬನೇ. ಸರಿ. ಆದರೆ ಜಿಲ್ಲೆಯೇ ಗಡಿಯಾಗಬೇಕೆಂದು ಬ್ರಹ್ಮಲಿಪಿಯೇನೂ ಇಲ್ಲ, ಅದೂ ಮನುಷ್ಯರೇ ಎಳೆದ ಗೆರೆ. ಎರಡೂ ಕಡೆಯವರು ಒಂದೇ ಕಾಯಿದೆ ಓದಿದ್ದಾರೆ, ಒಂದೇ ಮಾದರಿಯ ಪರೀಕ್ಷೆ ಬರೆದಿದ್ದಾರೆ, ಚುನಾವಣೆ ಬಂದೋಬಸ್ತಿಗೆ ಒಂದೇ ಬಸ್ಸಿನಲ್ಲಿ ಹೋಗಿದ್ದಾರೆ. ಮನೆಯ ಕಾರಣಕ್ಕೆ ಒಮ್ಮೆ, ಒಂದೇ ಒಂದು ಸಲ, ಜಿಲ್ಲೆ ಬದಲಿಸಿದವನನ್ನು ಹೊಸ ಜಿಲ್ಲೆಯಲ್ಲಿ ಅವನು ನೇಮಕವಾದ ವರ್ಷದವರ ಕೊನೆಗೆ ನಿಲ್ಲಿಸಬಾರದೇಕೆ? ಅವನ ವರ್ಷದವರ ಮೇಲೆ ಅವನು ಏರುವುದಿಲ್ಲ, ಅವನ ಹನ್ನೆರಡು ವರ್ಷವೂ ಮಣ್ಣುಪಾಲಾಗುವುದಿಲ್ಲ. ಮೇಲಿನವರಿಗೆ ಬರೆದ ನಿಯಮದಲ್ಲಿ ಈ ವಿವೇಕ ಇದೆ. ಕೆಳಗಿನವರಿಗೆ ಬರೆಯುವಾಗ ಅದು ಯಾಕೆ ನೆನಪಾಗಲಿಲ್ಲವೋ.

ಹಾಗೆ ಬದಲಿಸಿದರೆ ಯಾರಿಗೂ ನಷ್ಟವಿಲ್ಲ ಎಂದು ನಾನು ಹೇಳಲಾರೆ. ಬಾಗಲಕೋಟೆಯಲ್ಲಿ ಅವನಿಗಿಂತ ಈಚೆಗೆ ಸೇರಿದ ಪ್ರತಿಯೊಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಅವರಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ. ತಾತ್ಕಾಲಿಕ ಪಟ್ಟಿ ಹೊರಬಿದ್ದ ದಿನ ಆಕ್ಷೇಪಣೆ ಸಲ್ಲಿಸಲು ಎಸ್‌ಪಿ ಕಚೇರಿಗೆ ಮೊದಲು ಹೋಗುವವನು ಅವರಲ್ಲೇ ಒಬ್ಬ. ಅವನ ಅವ್ವನೂ ಮನೆಯಲ್ಲೇ ಇದ್ದಾಳೆ, ಅವಳಿಗಾಗಿ ಅವನು ಮೊದಲಿಂದಲೂ ಊರು ಬಿಡದೆ ಬೇರೆ ಕಡೆಯ ಅವಕಾಶಗಳನ್ನು ಬಿಟ್ಟುಕೊಟ್ಟಿರಬಹುದು. ಅವನ ಅರ್ಜಿಯನ್ನು ಓದುವ ಅಧಿಕಾರಿ ಇಬ್ಬರ ಕಡತವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕಾಗುತ್ತದೆ. ಈಗಿನ ನಿಯಮ ಅವರಿಗೆ ಆ ಕಷ್ಟವನ್ನೇ ಕೊಡುವುದಿಲ್ಲ.